ಯಾವ ಗಾಡಿಗೆ ಯಾರ ಆಜ್ಞೆ? – ರಿಮೋಟ್ ಕಂಟ್ರೋಲಿನ ನಿಕೋಲಾ ಟೆಸ್ಲಾ

ಮಕ್ಕಳೇ, ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆ ಏಪ್ರಿಲ್ ತಿಂಗಳಲ್ಲಿ ನಡೆಯುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸುಳ್ಯ, ಕಡಬದ ಕಡೆಯಿಂದಲೂ ಜನ ಬರುತ್ತಾರೆ. ದೇವಸ್ಥಾನದ ಎದುರಿನ ಗದ್ದೆಯಲ್ಲಿ ಚರುಮುರಿಯ ಗಾಡಿ, ಬಳೆಯ ಅಂಗಡಿ, ತೊಟ್ಟಿಲು ಎಲ್ಲ ದಾಟಿ ಆಟಿಕೆಯ ಅಂಗಡಿಯ ಮುಂದೆ ಬಂದಾಗ ನಿಮ್ಮ ಕಾಲು ತಾನಾಗಿ ನಿಲ್ಲುತ್ತದೆ, ಅಲ್ಲವೇ? ಹಿಂದೆ ಅಲ್ಲಿ ಕೀಲಿ ಕೊಡುವ ಆಟಿಕೆಗಳಿರುತ್ತಿದ್ದವು. ಈಗ ರಿಮೋಟ್ ಆಟಿಕೆಗಳೂ ಸೇರಿವೆ.

ಅಣ್ಣ, ತಂಗಿ ಇಬ್ಬರೂ ಒಂದೇ ನಮೂನೆಯ ಎರಡು ರಿಮೋಟ್ ಕಾರು ತಂದಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯ ಜಗಲಿಯಲ್ಲಿ ಅಣ್ಣ ತನ್ನ ರಿಮೋಟಿನ ಗುಂಡಿ ಒತ್ತುತ್ತಾನೆ. ಅವನ ಕಾರು ಓಡುತ್ತದೆ. ಜತೆಗೆ ತಂಗಿಯ ಕಾರೂ ಓಡಿ ಜಗಲಿಯಿಂದ ಅಂಗಳಕ್ಕೆ ಬೀಳುತ್ತದೆ. ತಂಗಿ ಅಳುತ್ತಾಳೆ. ಅಣ್ಣ ತಾನೇನೂ ಮಾಡಿಲ್ಲ ಎನ್ನುತ್ತಾನೆ. ಅವನು ಹೇಳುವುದು ನಿಜವೇ. ಕಡಿಮೆ ಬೆಲೆಯ ಇಂಥ ಆಟಿಕೆಗಳು ಅನೇಕ ಸಲ ಒಂದೇ ಬಗೆಯ ರೇಡಿಯೋ ತರಂಗಕ್ಕೆ ಓಗೊಡುತ್ತವೆ. ಗಾಳಿಯಲ್ಲಿ ಬಂದ ಆಜ್ಞೆ ಯಾರ ರಿಮೋಟಿನದು, ಯಾವ ಕಾರಿಗೆ ಎಂದು ತಿಳಿಯುವ ಬುದ್ಧಿ ಅವಕ್ಕಿಲ್ಲ.

ಇನ್ನು ಮಾದರಿ ರೈಲಿಗೆ ಬನ್ನಿ. ನಿಜವಾದ ರೈಲಿನ ಪುಟ್ಟ ಪ್ರತಿರೂಪ ಇದು. ಹಳಿ, ಎಂಜಿನು, ಬೋಗಿ, ಸಿಗ್ನಲ್ ಎಲ್ಲವೂ ಇರುತ್ತವೆ. ದೇಶವಿದೇಶಗಳಲ್ಲಿ ದೊಡ್ಡವರು ಸಹ ಇದನ್ನು ಹವ್ಯಾಸವಾಗಿ ಇಟ್ಟುಕೊಂಡಿದ್ದಾರೆ. ಇದರ ಒಳ್ಳೆಯ ನಮೂನೆಯ ಕೈಯಂತ್ರದಲ್ಲಿ ವೇಗ ಹೆಚ್ಚಿಸುವ ತಿರುಪು, ಮುಂದೆ–ಹಿಂದೆ ಮಾಡುವ ಗುಂಡಿ, ದೀಪ ಹಾಕುವ ಗುಂಡಿ, ಸೀಟಿಯ ಗುಂಡಿ, ಇವುಗಳ ಜತೆಗೆ ಕ್ಯಾಲ್ಕುಲೇಟರಿನಲ್ಲಿರುವಂತೆ ಅಂಕಿಗಳ ಗುಂಡಿಗಳೂ ಇರುತ್ತವೆ. ಹೊಸದಾಗಿ ಹಿಡಿದವರು ಮೊದಲು ವೇಗದ ತಿರುಪನ್ನೇ ತಿರುಗಿಸುತ್ತಾರೆ. ಎಂಜಿನು ಅಲುಗುವುದಿಲ್ಲ. ಕೆಟ್ಟುಹೋಗಿದೆಯೆಂದು ತಿಳಿಯುತ್ತಾರೆ. ಕೆಟ್ಟಿರುವುದಿಲ್ಲ. ಮೊದಲು ಅಂಕಿಯ ಗುಂಡಿ ಒತ್ತಿ ಎಂಜಿನಿನ ನಂಬರು ಹೇಳಬೇಕು, ಆಮೇಲೆ ಕೆಲಸ ಹೇಳಬೇಕು. ನಂಬರು ಹೇಳಿದರೆ ಒಂದೇ ಹಳಿಯ ಮೇಲೆ ನಿಂತ ನಾಲ್ಕು ಎಂಜಿನುಗಳಲ್ಲಿ ನೀವು ಕರೆದದ್ದು ಮಾತ್ರ ಹೊರಡುತ್ತದೆ. ಉಳಿದ ಮೂರು ಕೇಳಿಸಿಕೊಂಡೂ ಕೇಳದಂತೆ ನಿಂತಿರುತ್ತವೆ.

ದೂರದಿಂದ ಆಜ್ಞೆ ಕೊಡುವುದು ಒಂದು ಕೆಲಸ. ಬೇಕಾದದ್ದು ಮಾತ್ರ ಆ ಆಜ್ಞೆಯನ್ನು ಪಾಲಿಸುವಂತೆ ಮಾಡುವುದು ಇನ್ನೊಂದು ಕೆಲಸ, ಮತ್ತು ಅದೇ ಹೆಚ್ಚು ಕಷ್ಟದ್ದು. ಈ ಎರಡನ್ನೂ ನೂರಿಪ್ಪತ್ತು ವರ್ಷಕ್ಕೂ ಹಿಂದೆಯೇ ಯೋಚಿಸಿ, ಮಾಡಿಯೂ ತೋರಿಸಿದ ವಿಜ್ಞಾನಿಯೊಬ್ಬರಿದ್ದರು. ಅವರೇ ನಿಕೋಲಾ ಟೆಸ್ಲಾ.

ನಿಕೋಲಾ ಹುಟ್ಟಿದ್ದು 1856ರ ಜುಲೈ 10ರಂದು, ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ತಂದೆ ಚರ್ಚಿನ ಪಾದ್ರಿ. ತಾಯಿ ಶಾಲೆಗೆ ಹೋದವಳಲ್ಲ, ಓದು ಬರಹ ತಿಳಿಯದು. ಆದರೆ ಮನೆಗೆ, ನೇಯ್ಗೆಗೆ ಬೇಕಾದ ಸಲಕರಣೆಗಳನ್ನು ತಾನೇ ಯೋಚಿಸಿ ಮಾಡಿಕೊಳ್ಳುತ್ತಿದ್ದಳು. ಹೊಸದನ್ನು ಕಟ್ಟುವ ಬುದ್ಧಿ ತನಗೆ ಬಂದದ್ದು ತಾಯಿಯಿಂದಲೇ ಎಂದು ಟೆಸ್ಲಾ ಕೊನೆಯವರೆಗೂ ನಂಬಿದ್ದರು. ನಿಕೋಲಾನಿಗೆ ಡಾನೆ ಎಂಬ ಜಾಣ ಅಣ್ಣನಿದ್ದ. ನಿಕೋಲಾ ತೀರ ಚಿಕ್ಕವನಿದ್ದಾಗಲೇ ಆ ಅಣ್ಣ ಕುದುರೆಯ ಅಪಘಾತದಲ್ಲಿ ತೀರಿಕೊಂಡ. ಆ ಮನೆಯಲ್ಲಿ ಮತ್ತೆ ಮೊದಲಿನ ನಗು ಬರಲಿಲ್ಲ.

ಹುಡುಗ ಮಾತ್ರ ಏನಾದರೊಂದು ಕಟ್ಟುತ್ತಲೇ ಇದ್ದ. ಮಳೆಗಾಲದ ಮೊದಲಿಗೆ ನಮ್ಮಲ್ಲಿ ದೀಪಕ್ಕೆ ಹುಳುಗಳು ಬಂದು ಮುತ್ತುವಂತೆ ಆ ಊರಿನಲ್ಲಿಯೂ ಬೇಸಗೆಯಲ್ಲಿ ದುಂಬಿಯಂಥ ಹುಳುಗಳು ರಾಶಿರಾಶಿಯಾಗಿ ಬರುತ್ತಿದ್ದವು. ನಿಕೋಲಾ ತೆಳ್ಳಗಿನ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ ಅವುಗಳ ತುದಿಗೆ ಹುಳುಗಳನ್ನು ಅಂಟಿಸಿದ. ಅವು ಹಾರಲು ಹೋದಾಗ ಕಡ್ಡಿ ಗಿರಗಿರನೆ ತಿರುಗಿತು. ಹುಳುಗಳಿಂದ ನಡೆಯುವ ಮೋಟಾರು! ಅಷ್ಟರಲ್ಲಿ ಇನ್ನೊಬ್ಬ ಹುಡುಗ ಬಂದು ಡಬ್ಬಿಯಲ್ಲಿದ್ದ ಹುಳುಗಳನ್ನು ಜೀವಂತವಾಗಿಯೇ ಬಾಯಿಗೆ ಹಾಕಿಕೊಂಡು ತಿನ್ನತೊಡಗಿದ. ಅದನ್ನು ಕಂಡು ನಿಕೋಲಾನಿಗೆ ಹೇಸಿಗೆಯಾಗಿ ಆ ಮೋಟಾರಿನ ಕೆಲಸ ಅಲ್ಲಿಗೇ ನಿಂತಿತು. (ಹುಳುಗಳ ಪಾಲಿಗೆ ಎರಡೂ ಕಷ್ಟವೇ. ನೀವು ಇದನ್ನು ಮಾಡಬೇಡಿ.)

ಮಗನೂ ಪಾದ್ರಿಯಾಗಲಿ ಎಂದು ತಂದೆಯ ಆಸೆ. ಮಗನಿಗೆ ಎಂಜಿನಿಯರ್ ಆಗುವಾಸೆ. 1873ರಲ್ಲಿ ನಿಕೋಲಾನಿಗೆ ಕಾಲರಾ ತಗಲಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಬದುಕುವ ಆಸೆಯನ್ನೇ ಮನೆಯವರು ಬಿಟ್ಟಿದ್ದರು. ಒಬ್ಬ ಮಗನನ್ನು ಕಳೆದುಕೊಂಡಿದ್ದ ತಂದೆ, ಈ ಮಗ ಎದ್ದು ಕುಳಿತರೆ ಎಂಜಿನಿಯರಿಂಗ್ ಓದಿಸುವುದಾಗಿ ಮಾತು ಕೊಟ್ಟರು. ಹುಡುಗ ಎದ್ದು ಕುಳಿತ. 1875ರಲ್ಲಿ ಗ್ರಾಜ್ ನಗರದ ತಾಂತ್ರಿಕ ಶಾಲೆ ಸೇರಿದ.

ಆ ಕಾಲದ ವಿದ್ಯುತ್ ಮೋಟಾರುಗಳು ನೇರ ವಿದ್ಯುತ್ತಿನಿಂದ ನಡೆಯುತ್ತಿದ್ದವು. ಟಾರ್ಚಿನ ಸೆಲ್ಲಿನಿಂದ ಬರುವಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು ಅದು. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸಲು ಒಂದು ತುಂಡು ಸದಾ ಉಜ್ಜುತ್ತಲೇ ಇರಬೇಕಿತ್ತು. ಅಲ್ಲಿ ಕಿಡಿ ಹಾರುತ್ತಿತ್ತು, ಸವೆಯುತ್ತಿತ್ತು. ಉಜ್ಜುವ ತುಂಡೇ ಇಲ್ಲದ ಮೋಟಾರು ಮಾಡಬಾರದೇಕೆ ಎಂದು ವಿದ್ಯಾರ್ಥಿ ಕೇಳಿದ. ಅದು ಎಂದಿಗೂ ಆಗದ ಮಾತು ಎಂದು ಪ್ರಾಧ್ಯಾಪಕರು ತರಗತಿಯಲ್ಲೇ ವಿವರಿಸಿದರು. ಟೆಸ್ಲಾ ಆ ಶಾಲೆಯಲ್ಲಿ ಪದವಿ ಮುಗಿಸಲಿಲ್ಲ. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. 1882ರಲ್ಲಿ ಬುಡಾಪೆಸ್ಟ್ ನಗರದ ಉದ್ಯಾನವೊಂದರಲ್ಲಿ ಗೆಳೆಯನೊಡನೆ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಕೈಯಲ್ಲಿದ್ದ ಕೋಲಿನಿಂದ ಮಣ್ಣಿನ ಮೇಲೆಯೇ ಚಿತ್ರ ಬರೆದು ಗೆಳೆಯನಿಗೆ ತೋರಿಸಿದ.

ಆ ಉತ್ತರವೇನು? ಜಾತ್ರೆಯ ತಿರುಗುವ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಅದರ ಸುತ್ತ ಮೂವರು ನಿಂತಿದ್ದಾರೆ. ಮೊದಲನೆಯವನು ತಳ್ಳಿ ಬಿಡುವ ಹೊತ್ತಿಗೆ ಎರಡನೆಯವನು ತಳ್ಳುತ್ತಾನೆ, ಅವನು ಬಿಡುವಾಗ ಮೂರನೆಯವನು, ಮತ್ತೆ ಮೊದಲನೆಯವನು. ಯಾರೂ ತೊಟ್ಟಿಲಿಗೆ ಅಂಟಿಕೊಂಡು ಓಡಬೇಕಿಲ್ಲ, ತೊಟ್ಟಿಲು ನಿಲ್ಲದೆ ತಿರುಗುತ್ತದೆ. ಹಾಗೆಯೇ ಮೋಟಾರಿನ ಸುತ್ತ ಇರುವ ತಂತಿಯ ಸುರುಳಿಗಳಿಗೆ ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತನ್ನು ಒಂದರ ನಂತರ ಒಂದಕ್ಕೆ ಸರದಿಯಂತೆ ಕೊಟ್ಟರೆ, ಅವುಗಳ ಕಾಂತಶಕ್ತಿ ಸುತ್ತಲೂ ತಿರುಗುತ್ತದೆ. ನಡುವಿನ ಭಾಗವನ್ನು ಯಾವುದೂ ಮುಟ್ಟಬೇಕಿಲ್ಲ. ಅದು ತಾನಾಗಿ ಆ ಕಾಂತಶಕ್ತಿಯ ಹಿಂದೆ ತಿರುಗುತ್ತದೆ. ನಿಮ್ಮ ತೋಟದ ಪಂಪಿಗೆ ತ್ರೀ ಫೇಸ್ ಕರೆಂಟು ಬಂತೇ ಎಂದು ಮನೆಯಲ್ಲಿ ಕೇಳುತ್ತಾರಲ್ಲ, ಆ ಮೂರು ಫೇಸುಗಳೇ ತೊಟ್ಟಿಲು ತಳ್ಳುವ ಆ ಮೂವರು.

1884ರಲ್ಲಿ ಟೆಸ್ಲಾ ಅಮೆರಿಕದ ನ್ಯೂಯಾರ್ಕಿಗೆ ಬಂದರು. ವಿದ್ಯುದ್ದೀಪದಿಂದ ಹೆಸರಾದ ಥಾಮಸ್ ಎಡಿಸನ್ ಅವರ ಸಂಸ್ಥೆಯಲ್ಲಿ ಕೆಲವು ತಿಂಗಳು ದುಡಿದು ಹೊರಬಂದರು. ತಾವೇ ಒಂದು ಕಂಪನಿ ತೆರೆದರು. ಹಣ ಹಾಕಿದವರು ಅವರನ್ನೇ ಹೊರಗೆ ತಳ್ಳಿದರು. ಲೋಕದ ವಿದ್ಯುತ್ ವ್ಯವಸ್ಥೆಯನ್ನೇ ಬದಲಿಸುವ ಯಂತ್ರ ತಲೆಯೊಳಗೆ ಸಿದ್ಧವಾಗಿದ್ದ ಮನುಷ್ಯ 1886ರ ಸುಮಾರಿಗೆ ದಿನಕ್ಕೆ ಎರಡು ಡಾಲರ್ ಕೂಲಿಗೆ ಬೀದಿಯಲ್ಲಿ ಕಣಿ ತೋಡುತ್ತಿದ್ದರು.

1888ರಲ್ಲಿ ದಿನಗಳು ತಿರುಗಿದವು. ಮೋಟಾರಿಗೆ ಪೇಟೆಂಟ್ ದೊರೆಯಿತು. ಅಂದರೆ ಇದು ಇವರು ಕಂಡುಹಿಡಿದದ್ದು ಎಂದು ಸರ್ಕಾರ ಕೊಡುವ ಹಕ್ಕುಪತ್ರ. ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್ ಅದನ್ನು ಬಳಸುವ ಹಕ್ಕನ್ನು ಕೊಂಡರು. 1896ರ ನವೆಂಬರಿನಲ್ಲಿ ನಯಾಗರ ಜಲಪಾತದ ವಿದ್ಯುತ್ತು ದೂರದ ಬಫಲೋ ನಗರಕ್ಕೆ ಹರಿಯಿತು. ಇದಾಗಿ ಆರು ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ಕಾವೇರಿಯಿಂದ ತಯಾರಾದ ಪರ್ಯಾಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಅಂದಿಗೆ ಜಗತ್ತಿನಲ್ಲೇ ದೊಡ್ಡ ಸಾಹಸ. 1896ರಲ್ಲಿಯೇ ಟೆಸ್ಲಾ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರನ್ನು ಭೇಟಿಯಾಗಿ ವಿಜ್ಞಾನ, ವೇದಾಂತಗಳ ಬಗ್ಗೆ ಮಾತನಾಡಿದ್ದರು.

ಈ ನಡುವೆ ಒಂದು ದೊಡ್ಡ ಪೆಟ್ಟು ಬಿತ್ತು. 1895ರ ಮಾರ್ಚ್ 13ರ ಬೆಳಗಿನ ಜಾವ ಟೆಸ್ಲಾರ ಪ್ರಯೋಗಶಾಲೆಗೆ ಬೆಂಕಿ ಬಿದ್ದು ಯಂತ್ರಗಳು, ಟಿಪ್ಪಣಿಗಳು, ಚಿತ್ರಗಳು ಎಲ್ಲ ಬೂದಿಯಾದವು. ತಂತಿಯಿಲ್ಲದೆ ಸಂಕೇತ ಕಳುಹಿಸುವ ಪ್ರಯೋಗಗಳೂ ಅದರಲ್ಲಿದ್ದವು. ಅವರು ಇನ್ನೊಂದು ಜಾಗ ಹುಡುಕಿ ನೆನಪಿನಿಂದಲೇ ಮತ್ತೆ ಶುರುಮಾಡಿದರು.

ಅದೇ 1895ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ಜಗದೀಶಚಂದ್ರ ಬೋಸ್ ಅವರು ಸಭೆಯ ಮುಂದೆ ಒಂದು ಪ್ರಯೋಗ ತೋರಿಸಿದ್ದರು. ಒಂದು ಕಡೆಯಿಂದ ಹೊರಟ ಕಣ್ಣಿಗೆ ಕಾಣದ ವಿದ್ಯುತ್ ತರಂಗ ಗೋಡೆಯನ್ನು ದಾಟಿ ಆಚೆ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದಿನ ಪುಡಿಯನ್ನು ಸಿಡಿಸಿತು. ತರಂಗದಿಂದ ದೂರದಲ್ಲಿ ಒಂದು ಕೆಲಸ ಮಾಡಿಸಬಹುದು ಎಂದು ಅದರಿಂದ ಎಲ್ಲರಿಗೂ ಕಂಡಿತು. ಗಂಟೆ ಬಾರಿಸುವುದು ಒಂದೇ ಕೆಲಸ. ಓಡಿಸುವುದು, ನಿಲ್ಲಿಸುವುದು, ಎಡಕ್ಕೆ, ಬಲಕ್ಕೆ ತಿರುಗಿಸುವುದು ಎಂದರೆ ಹಲವು ಕೆಲಸ. ಅದನ್ನು ಮಾಡಲು ಹೊರಟವರು ಟೆಸ್ಲಾ.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವಿದ್ಯುತ್ ಪ್ರದರ್ಶನವೊಂದು ನಡೆಯಿತು. ಅಲ್ಲಿ ಒಂದು ನೀರಿನ ತೊಟ್ಟಿ. ತೊಟ್ಟಿಯಲ್ಲಿ ಸುಮಾರು ನಾಲ್ಕಡಿ ಉದ್ದದ ಕಬ್ಬಿಣದ ದೋಣಿ, ಮೇಲೆ ಕಂಬದಂಥ ಕಡ್ಡಿಗಳು, ಪುಟ್ಟ ದೀಪಗಳು. ಒಂದು ಪೆಟ್ಟಿಗೆಯ ಹಿಡಿಯನ್ನು ಹಿಡಿದು ಟೆಸ್ಲಾ ದೂರ ನಿಂತಿದ್ದರು. ಅವರಿಗೂ ದೋಣಿಗೂ ನಡುವೆ ದಾರವಿಲ್ಲ, ತಂತಿಯಿಲ್ಲ. ಅವರು ಹಿಡಿ ತಿರುಗಿಸಿದರೆ ದೋಣಿ ಹೊರಡುತ್ತಿತ್ತು, ತಿರುಗುತ್ತಿತ್ತು, ನಿಲ್ಲುತ್ತಿತ್ತು, ದೀಪ ಮಿಣುಕಿಸುತ್ತಿತ್ತು. ನೋಡಿದ ಜನಕ್ಕೆ ನಂಬಲಾಗಲಿಲ್ಲ. ಕೆಲವರು ಮಾಟವೆಂದರು, ಕೆಲವರು ಟೆಸ್ಲಾ ಮನಸ್ಸಿನಿಂದಲೇ ನಡೆಸುತ್ತಿದ್ದಾರೆಂದರು. ತರಬೇತಿ ಕೊಟ್ಟ ಕೋತಿಯೊಂದು ಒಳಗೆ ಕುಳಿತಿದೆ ಎಂದವರೂ ಇದ್ದರಂತೆ! 64ರ ಘನಮೂಲ ಎಷ್ಟೆಂದು ಕೇಳಿದಾಗ ದೋಣಿ ದೀಪವನ್ನು ನಾಲ್ಕು ಸಲ ಮಿಣುಕಿಸಿತೆಂಬ ಕಥೆಯೂ ಇದೆ. ನಾಲ್ಕನ್ನು ಮೂರು ಸಲ ಗುಣಿಸಿ ನೋಡಿ, ಉತ್ತರ ಸರಿಯಾಗಿದೆ. ಆದರೆ ಲೆಕ್ಕ ಮಾಡಿದ್ದು ದೋಣಿಯಲ್ಲ. ಹಿಡಿ ಯಾರ ಕೈಯಲ್ಲಿತ್ತೆಂದು ನಿಮಗೆ ಗೊತ್ತಲ್ಲ.

ಕೋತಿ ಇಲ್ಲದಿದ್ದರೆ ದೋಣಿಯೊಳಗೆ ಇದ್ದುದೇನು? ಮೊದಲಿಗೆ, ಬ್ಯಾಟರಿ ಮತ್ತು ಮೋಟಾರು. ಇದು ಮುಖ್ಯ. ದೋಣಿಯನ್ನು ತಳ್ಳುವ ಶಕ್ತಿ ಟೆಸ್ಲಾರ ಪೆಟ್ಟಿಗೆಯಿಂದ ಬರುತ್ತಿರಲಿಲ್ಲ, ದೋಣಿಯಲ್ಲಿಯೇ ಇತ್ತು. ಪೆಟ್ಟಿಗೆಯಿಂದ ಬರುತ್ತಿದ್ದುದು ಆಜ್ಞೆ ಮಾತ್ರ. ಎತ್ತು ಗಾಡಿ ಎಳೆಯುವುದು ತನ್ನ ಬಲದಿಂದ, ಗಾಡಿಯವನ ಬಾಯಿಯ ಹೋ ಎಂಬ ಸದ್ದಿನ ಬಲದಿಂದಲ್ಲ. ಹಾಗೆ ಇದು.

ಎರಡನೆಯದು, ಸಂಕೇತವನ್ನು ಹಿಡಿಯುವ ಕಿವಿ. ಲೋಹದ ಪುಡಿ ತುಂಬಿದ ಪುಟ್ಟ ನಳಿಗೆ ಅದು. ಸಾಮಾನ್ಯವಾಗಿ ಪುಡಿಯ ಕಣಗಳು ಬಿಡಿಬಿಡಿಯಾಗಿದ್ದು ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ರೇಡಿಯೋ ತರಂಗ ತಾಗಿದಾಗ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ದಾರಿ ಬಿಡುತ್ತವೆ. ಬ್ಯಾಟರಿಯ ವಿದ್ಯುತ್ತು ಹರಿಯುತ್ತದೆ. ತೊಂದರೆಯೆಂದರೆ ತರಂಗ ನಿಂತ ಮೇಲೂ ಕಣಗಳು ಕಚ್ಚಿಕೊಂಡೇ ಇರುತ್ತವೆ, ಮುಂದಿನ ಆಜ್ಞೆ ಕೇಳಿಸುವುದಿಲ್ಲ. ಅದಕ್ಕೆ ಟೆಸ್ಲಾ ಪ್ರತಿ ಸಂಕೇತದ ನಂತರ ನಳಿಗೆ ತಲೆಕೆಳಗಾಗಿ ಮಗುಚುವಂತೆ ಮಾಡಿದರು. ಪುಡಿ ಉದುರಿ ಮತ್ತೆ ಬಿಡಿಯಾಗುತ್ತಿತ್ತು. ಉಪ್ಪಿನ ಡಬ್ಬಿಯನ್ನು ಅಮ್ಮ ಮಗುಚಿ ಕುಲುಕುವುದಿಲ್ಲವೇ, ಅಷ್ಟೇ ಉಪಾಯ.

ಮೂರನೆಯದು, ಹೆಜ್ಜೆಹೆಜ್ಜೆಯಾಗಿ ತಿರುಗುವ ಚಕ್ರ. ಒಂದು ಸಂಕೇತ ಬಂದರೆ ಚಕ್ರ ಒಂದು ಹೆಜ್ಜೆ ತಿರುಗುತ್ತದೆ. ಪ್ರತಿ ಹೆಜ್ಜೆಗೂ ಒಂದೊಂದು ಕೆಲಸ ಗೊತ್ತುಮಾಡಿದೆ. ಚುಕ್ಕಾಣಿ ಎಡಕ್ಕೆ ಎಂಬುದು ಒಂದು ಹೆಜ್ಜೆ, ನಿಲ್ಲಲಿ ಎಂಬುದು ಮುಂದಿನದು, ಬಲಕ್ಕೆ ಎಂಬುದು ಅದರ ಮುಂದಿನದು, ಮತ್ತೆ ನಿಲ್ಲಲಿ. ಸಂಕೇತ ಒಂದೇ ಬಗೆಯದು, ಹೆಜ್ಜೆ ನಾಲ್ಕು. ಎಷ್ಟನೆಯ ಹೆಜ್ಜೆ ಎಂಬುದರಲ್ಲಿ ಅರ್ಥ ಅಡಗಿದೆ. ಮಾದರಿ ರೈಲಿನ ರಿಮೋಟಿನಲ್ಲಿ ಇಂದು ನೀವು ಒತ್ತುವ ಗುಂಡಿಗಳ ತಾತ ಈ ಚಕ್ರ.

ಪೇಟೆಂಟಿಗೆ ಅರ್ಜಿ ಹಾಕಿದಾಗ ಅಧಿಕಾರಿಗಳಿಗೂ ನಂಬಿಕೆ ಬರಲಿಲ್ಲ. ಮುಖ್ಯ ಪರೀಕ್ಷಕರೇ ನ್ಯೂಯಾರ್ಕಿಗೆ ಬಂದು ದೋಣಿ ಓಡುವುದನ್ನು ಕಣ್ಣಾರೆ ಕಂಡ ಮೇಲೆ 1898ರ ನವೆಂಬರ್ 8ರಂದು ಹಕ್ಕುಪತ್ರ ಕೊಟ್ಟರು. ಅದರ ಸಂಖ್ಯೆ 6,13,809. ಅದು ಅಮೆರಿಕ ಮತ್ತು ಸ್ಪೇನ್ ಯುದ್ಧ ಮಾಡಿದ ವರ್ಷ. ಟೆಸ್ಲಾ ತಮ್ಮ ದೋಣಿ ನೌಕಾಪಡೆಗೆ ಉಪಯೋಗವಾದೀತೆಂದು ನಿರೀಕ್ಷಿಸಿದರು. ನೌಕಾಪಡೆ ಕೊಳ್ಳಲಿಲ್ಲ. ಆಟಿಕೆ ಮಾಡುವವರೂ ಆಗ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಕಾಲಕ್ಕೆ ಅದು ತೀರ ಮುಂಚೆಯೇ ಬಂದ ಯಂತ್ರ. ಮೋಟಾರಿನಷ್ಟೇ ದೊಡ್ಡ ಕೆಲಸ ಇದೆಂದು ಈಗ ನಮಗೆ ಕಾಣುತ್ತದೆ. ಅಂದು ಕೊಳ್ಳುವವರೇ ಇರಲಿಲ್ಲ.

ಈಗ ಅಣ್ಣ ತಂಗಿಯರ ಜಗಳಕ್ಕೆ ಬರೋಣ. ತೊಟ್ಟಿಯಲ್ಲಿ ಒಂದೇ ದೋಣಿ ಇದ್ದುದರಿಂದ ಆ ಜಗಳ ಅಲ್ಲಿ ಹುಟ್ಟಲಿಲ್ಲ. ಆದರೆ ಇನ್ನೊಬ್ಬ ಯಾರೋ ಪಕ್ಕದಲ್ಲಿ ನಿಂತು ಅಂಥದೇ ತರಂಗ ಕಳುಹಿಸಿದರೆ? ದೋಣಿ ಅವನ ಮಾತನ್ನೂ ಕೇಳುತ್ತದೆ. ಅದರೊಳಗೆ ಸಿಡಿಮದ್ದಿದ್ದರೆ ಏನಾದೀತು! ಟೆಸ್ಲಾ ಇದನ್ನು ಯೋಚಿಸಿದರು. ರೇಡಿಯೋ ತರಂಗಗಳು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತವೆ ಎಂಬುದಕ್ಕೆ ಆವೃತ್ತಿ ಎನ್ನುತ್ತಾರೆ. ಒಂದೇ ಆವೃತ್ತಿಗೆ ಓಗೊಡುವ ಯಂತ್ರವನ್ನು ಯಾರು ಬೇಕಾದರೂ ಮೋಸಗೊಳಿಸಬಹುದು. ಎರಡು ಬೇರೆ ಬೇರೆ ಆವೃತ್ತಿಗಳು ಒಟ್ಟಿಗೆ ಬಂದರೆ ಮಾತ್ರ ಕೆಲಸ ಮಾಡು, ಒಂದೇ ಬಂದರೆ ಸುಮ್ಮನಿರು ಎಂದು ಯಂತ್ರಕ್ಕೆ ಕಲಿಸಿದರೆ? ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಇರುವುದನ್ನು ಕೇಳಿದ್ದೀರಾ? ಒಂದು ಬ್ಯಾಂಕಿನವರ ಬಳಿ, ಇನ್ನೊಂದು ನಿಮ್ಮ ಬಳಿ. ಎರಡೂ ತಿರುಗಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಈ ವಿಧಾನಕ್ಕೆ ಟೆಸ್ಲಾರಿಗೆ 1903ರಲ್ಲಿ ಪೇಟೆಂಟ್ ಸಿಕ್ಕಿತು. ಇದೂ ಇರಬೇಕು, ಅದೂ ಇರಬೇಕು ಎಂಬ ಈ ನಿಯಮವೇ ಇಂದಿನ ಕಂಪ್ಯೂಟರಿನ ಒಳಗೂ ಲೆಕ್ಕವಿಲ್ಲದಷ್ಟು ಕಡೆ ಕೆಲಸ ಮಾಡುತ್ತಿದೆ.

ಮುಂದಿನ ಬದುಕು ಇಳಿಜಾರಿನದು. ಹಾಗಾಗಿ ಬೇಗ ಹೇಳಿಬಿಡುತ್ತೇನೆ. ತಂತಿಯಿಲ್ಲದೆ ಲೋಕಕ್ಕೆಲ್ಲ ಸುದ್ದಿಯನ್ನೂ ವಿದ್ಯುತ್ತನ್ನೂ ಕಳುಹಿಸುವ ಕನಸಿನಿಂದ 1901ರಲ್ಲಿ ನ್ಯೂಯಾರ್ಕಿನ ಹತ್ತಿರ ದೊಡ್ಡ ಗೋಪುರ ಕಟ್ಟತೊಡಗಿದರು. ಹಣ ಕೊಟ್ಟವರು ನಡುವೆಯೇ ಕೈಬಿಟ್ಟರು. 1917ರಲ್ಲಿ ಗೋಪುರವನ್ನು ಉರುಳಿಸಲಾಯಿತು. ಟೆಸ್ಲಾ ಮದುವೆಯಾಗಲಿಲ್ಲ. ಹೋಟೆಲುಗಳ ಕೋಣೆಗಳಲ್ಲಿ ವಾಸ, ಸಂಜೆ ಉದ್ಯಾನದ ಪಾರಿವಾಳಗಳಿಗೆ ಕಾಳು ಹಾಕುವುದು, ಗಾಯಗೊಂಡ ಹಕ್ಕಿಯನ್ನು ಕೋಣೆಗೆ ತಂದು ಆರೈಕೆ ಮಾಡುವುದು. 1943ರ ಜನವರಿ 7ರಂದು 86ನೆಯ ವಯಸ್ಸಿನಲ್ಲಿ ಅಂಥದೊಂದು ಹೋಟೆಲಿನ ಕೋಣೆಯಲ್ಲಿಯೇ ತೀರಿಕೊಂಡರು. 1960ರಲ್ಲಿ ವಿಜ್ಞಾನಿಗಳು ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು. ಆಸ್ಪತ್ರೆಯ ಎಂಆರ್‌ಐ ಯಂತ್ರ ಒಂದೂವರೆ ಟೆಸ್ಲಾದ್ದು ಎಂದು ಯಾರಾದರೂ ಹೇಳಿದರೆ ಅದು ಇವರ ಹೆಸರೇ.

ಮಾದರಿ ರೈಲುಗಳು ಅವರ ಯೋಚನೆಯ ಹತ್ತಿರಕ್ಕೆ ಬರಲು ಇನ್ನೂ ಬಹಳ ವರ್ಷ ಬೇಕಾಯಿತು. ಹಳೆಯ ವಿದ್ಯುತ್ ಆಟಿಕೆ ರೈಲಿನಲ್ಲಿ ಹಳಿಗೇ ವಿದ್ಯುತ್ತು ಕೊಡುತ್ತಿದ್ದರು. ಹೆಚ್ಚು ಕೊಟ್ಟರೆ ವೇಗ, ಕಡಿಮೆ ಕೊಟ್ಟರೆ ನಿಧಾನ, ಧನ ಋಣ ಅದಲುಬದಲು ಮಾಡಿದರೆ ಹಿಂದಕ್ಕೆ. ಸುಲಭವೇ. ಆದರೆ ಒಂದೇ ಹಳಿಯಲ್ಲಿ ಎರಡು ಎಂಜಿನು ಇಟ್ಟರೆ ಎರಡೂ ಓಡುತ್ತವೆ. ಜಗಲಿಯ ಕಾರುಗಳ ಕಥೆಯೇ! 1980ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆದು, 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಒಪ್ಪಿಕೊಂಡ ಡಿಜಿಟಲ್ ಪದ್ಧತಿಯಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು. ಈ ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ತು ಯಾವಾಗಲೂ ಪೂರ್ತಿ ಇರುತ್ತದೆ. ಆ ವಿದ್ಯುತ್ತಿನ ಏರಿಳಿತಗಳಲ್ಲಿಯೇ ಆಜ್ಞೆಯನ್ನು ಬರೆಯುತ್ತಾರೆ. ಗಿಡ್ಡ ಮಿಡಿತವೆಂದರೆ ಒಂದು, ಉದ್ದ ಮಿಡಿತವೆಂದರೆ ಸೊನ್ನೆ. ಮೊದಲು ಎಂಜಿನಿನ ನಂಬರು, ನಂತರ ಕೆಲಸ, ಕೊನೆಗೆ ಇವೆರಡೂ ಸರಿಯಾಗಿ ತಲುಪಿವೆಯೇ ಎಂದು ತಾಳೆ ನೋಡುವ ಅಂಕಿ. ಪ್ರತಿ ಎಂಜಿನಿನ ಹೊಟ್ಟೆಯಲ್ಲೂ ಬೆರಳಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಬಿಲ್ಲೆ ಇದ್ದು ಇದನ್ನು ಓದುತ್ತದೆ. ನಂಬರು ತನ್ನದಲ್ಲದಿದ್ದರೆ ಸುಮ್ಮನಿರುತ್ತದೆ. ತಾಳೆಯಾಗದಿದ್ದರೆ ತನ್ನ ನಂಬರೇ ಆದರೂ ಸುಮ್ಮನಿರುತ್ತದೆ. ಹಳಿಯ ಧೂಳಿನಿಂದ ಒಂದು ಆಜ್ಞೆ ತಪ್ಪಿಹೋದೀತೆಂದು ಕೈಯಂತ್ರ ಅದನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತದೆ.

ಕಾರ್ಖಾನೆಯಿಂದ ಬರುವಾಗ ಇಂಥ ಹೊಸ ಎಂಜಿನುಗಳಿಗೆಲ್ಲ ಸಾಮಾನ್ಯವಾಗಿ ಮೂರು ಎಂಬ ನಂಬರೇ ಇರುತ್ತದೆ. ಆದ್ದರಿಂದ ಎರಡು ಹೊಸ ಎಂಜಿನು ತಂದು ಹಾಗೆಯೇ ಹಳಿಗಿಟ್ಟರೆ ಮತ್ತೆ ಎರಡೂ ಓಡುತ್ತವೆ! ಒಂದನ್ನು ಮಾತ್ರ ಹಳಿಯ ಮೇಲಿಟ್ಟು ಅದಕ್ಕೆ ಹೊಸ ನಂಬರು ಕೊಡಬೇಕು. ಬೇಕೆಂದರೆ ಎರಡು ಎಂಜಿನುಗಳಿಗೆ ಒಂದೇ ಜಂಟಿ ನಂಬರು ಕೊಟ್ಟು ಒಟ್ಟಿಗೆ ದುಡಿಸಲೂಬಹುದು. ಒಟ್ಟಿಗೆ ದುಡಿಯುವ ನಿಜವಾದ ಎಂಜಿನುಗಳನ್ನು ನೋಡಲು ನಿಮಗೆ ದೂರ ಹೋಗಬೇಕಿಲ್ಲ. ಪುತ್ತೂರಿನ ಕಬಕ ನಿಲ್ದಾಣ ದಾಟಿದ ರೈಲು ಕಡಬ ತಾಲ್ಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. 57 ಸುರಂಗಗಳು. 50 ಮೀಟರ್ ಸಾಗಿದರೆ ಒಂದು ಮೀಟರ್ ಏರುವಷ್ಟು ಕಡಿದು. ಮುಂದಿನ ಎಂಜಿನು ಸಾಲದೆಂದು ನೆಟ್ಟಣದಲ್ಲಿ ಹಿಂದಿನಿಂದ ತಳ್ಳುವ ಎಂಜಿನುಗಳನ್ನು ಜೋಡಿಸುತ್ತಾರೆ. ಅವಕ್ಕೆ ಬ್ಯಾಂಕರ್ ಎಂದು ಹೆಸರು. ಮುಂದಿನವರು ಎಳೆಯುವಾಗಲೇ ಹಿಂದಿನವರು ತಳ್ಳಬೇಕು, ಮುಂದೆ ನಿಲ್ಲಿಸಿದರೆ ಹಿಂದೆಯೂ ನಿಲ್ಲಿಸಬೇಕು. ಅದಕ್ಕಾಗಿ ಸೀಟಿಯ ಸಂಕೇತ, ವಾಕಿಟಾಕಿಯ ಮಾತು. ಯಾರಿಗೆ ಹೇಳಿದ್ದು, ಏನು ಹೇಳಿದ್ದು ಎಂಬುದು ಅಲ್ಲಿ ಸ್ಪಷ್ಟವಾಗಿರಲೇಬೇಕು.

ಸುಳ್ಯ ಪೇಟೆಗೆ ರೈಲು ಇಲ್ಲ. ಆದರೆ ಅಲ್ಲಿಯ ಅಡಿಕೆ ತೋಟಗಳಲ್ಲಿ ಟೆಸ್ಲಾ ಇದ್ದಾರೆ. ಅದೂ ಒಂದೇ ಪಂಪ್ ಶೆಡ್ಡಿನಲ್ಲಿ ಎರಡು ಸಲ! ತ್ರೀ ಫೇಸಿನ ಪಂಪು ಅವರ ಮೊದಲ ಯೋಚನೆ. ಮನೆಯಲ್ಲಿ ಕುಳಿತು ಮೊಬೈಲಿನಿಂದ ಆ ಪಂಪನ್ನು ಚಾಲು ಮಾಡುವ ಸ್ಟಾರ್ಟರನ್ನು ಈಗ ಹಲವರು ಹಾಕಿಸಿಕೊಂಡಿದ್ದಾರೆ. ಅದು ಅವರ ಎರಡನೆಯ ಯೋಚನೆ. ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ಮೊದಲೇ ಬರೆದಿಟ್ಟ ಫೋನ್ ನಂಬರುಗಳಿಂದ ಬಂದ ಆಜ್ಞೆಯನ್ನು ಮಾತ್ರ ಪಾಲಿಸುವಂತೆ ಅದನ್ನು ಹೊಂದಿಸುತ್ತಾರೆ. ಇದು ಬರಿಯ ಅನುಕೂಲದ ಮಾತಲ್ಲ. ಒಬ್ಬರು ಹೊಳೆಬದಿಯಲ್ಲಿ ಪಂಪಿನ ಕೆಲಸ ಮಾಡುತ್ತಿರುವಾಗ ಇನ್ನೊಬ್ಬರು ಎಲ್ಲಿಂದಲೋ ಅದನ್ನು ಚಾಲು ಮಾಡಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊಬೈಲ್ ಸ್ಟಾರ್ಟರ್ ಇರುವ ಪಂಪನ್ನು ಮುಟ್ಟುವ ಮೊದಲು ದೊಡ್ಡವರು ಮೈನ್ ಸ್ವಿಚ್ ಇಳಿಸಿಯೇ ಇಳಿಸಬೇಕು. ನೀವು ಮಕ್ಕಳು ಪಂಪ್ ಶೆಡ್ಡಿನಲ್ಲಿ ಏನನ್ನೂ ಮುಟ್ಟಬಾರದು. ಮನೆಯಲ್ಲಿ ಅಂಥ ಸ್ಟಾರ್ಟರ್ ಇದ್ದರೆ ಅದರಲ್ಲಿ ಯಾರ ಯಾರ ನಂಬರು ಇದೆ ಎಂದು ಅಪ್ಪನನ್ನೋ ಮಾವನನ್ನೋ ಕೇಳಿ ತಿಳಿಯಿರಿ.

ಮಾದರಿ ರೈಲು ಇಲ್ಲದೆಯೂ ಅದರ ರಿಮೋಟನ್ನು ನಿಮ್ಮ ಶಾಲೆಯ ಅಂಗಳದಲ್ಲಿ ಆಡಿ ಕಲಿಯಬಹುದು. ಸುಣ್ಣದ ಪುಡಿಯಿಂದ ದೊಡ್ಡ ವೃತ್ತವೊಂದನ್ನು ಎಳೆಯಿರಿ, ಅದೇ ಹಳಿ. ಮೂವರು ಎಂಜಿನುಗಳಾಗಿ. ಎರಡು, ಮೂರು, ಐದು ಎಂದು ನಂಬರು ಇಟ್ಟುಕೊಂಡು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳದೆ, ಆದರೆ ರಿಮೋಟಿನವರಿಗೆ ಬೆನ್ನು ಮಾಡಿ ನಿಲ್ಲಲಿ. ಒಬ್ಬರು ರಿಮೋಟು. ಮಾತಿಲ್ಲ, ಚಪ್ಪಾಳೆ ಮಾತ್ರ. ಒಂದು ಚಪ್ಪಾಳೆ ಎಂದರೆ ಹೊರಡು, ಎರಡು ಎಂದರೆ ನಿಲ್ಲು, ಮೂರು ಎಂದರೆ ಹಿಂದಕ್ಕೆ, ನಾಲ್ಕು ಎಂದರೆ ಸೀಟಿ. ರಿಮೋಟಿನವರು ಮೊದಲು ಎಂಜಿನಿನ ನಂಬರಿನಷ್ಟು ಚಪ್ಪಾಳೆ ತಟ್ಟಿ, ಸ್ವಲ್ಪ ತಡೆದು ಕೆಲಸದ ಚಪ್ಪಾಳೆ ತಟ್ಟಬೇಕು. ಮತ್ತೆ ತಡೆದು ಎರಡರ ಮೊತ್ತದಷ್ಟು ತಟ್ಟಬೇಕು. ಐದನೆಯ ಎಂಜಿನು ಹಿಂದಕ್ಕೆ ಹೋಗಬೇಕಾದರೆ ಐದು, ಮೂರು, ಎಂಟು. ಮೊತ್ತ ತಾಳೆಯಾಗದಿದ್ದರೆ ಯಾವ ಎಂಜಿನೂ ಅಲುಗಬಾರದು.

ಮೊದಲು ಎಲ್ಲರೂ ಸದ್ದಿಲ್ಲದೆ ನಿಂತು ಹತ್ತು ಆಜ್ಞೆ ಕೊಟ್ಟು ನೋಡಿ. ಆಮೇಲೆ ಉಳಿದ ಮಕ್ಕಳು ಸುತ್ತಲೂ ನಿಂತು ಗಲಾಟೆ ಮಾಡಲಿ, ನಡುನಡುವೆ ತಮಗೆ ತೋಚಿದಂತೆ ಚಪ್ಪಾಳೆಯನ್ನೂ ತಟ್ಟಲಿ. ಮತ್ತೆ ಹತ್ತು ಆಜ್ಞೆ. ಎಷ್ಟು ಸಲ ಸರಿಯಾದ ಎಂಜಿನು ಹೊರಟಿತು, ಎಷ್ಟು ಸಲ ತಾಳೆಯಾಗದೆ ಎಲ್ಲವೂ ನಿಂತಲ್ಲೇ ನಿಂತವು, ಒಂದು ಸಲವಾದರೂ ತಪ್ಪು ಎಂಜಿನು ಹೊರಟಿತೇ ಎಂದು ಕಪ್ಪುಹಲಗೆಯ ಮೇಲೆ ಮೂರು ಸಾಲಿನಲ್ಲಿ ಬರೆದಿಡಿ.